ಒಂದು ಮನೆಯನ್ನು ಕೈಯಲ್ಲಿ ಮಾಡಿದ ಪುಸ್ತಕವಾಗಿಸುವುದು ಹೇಗೆ?

ಈ ಪ್ರಶ್ನೆ ಕೇಳಿದ ನೀವು ಒಳಾಂಗಣ ವಿನ್ಯಾಸ ಓದುತ್ತಿದ್ದೀರಿ. ನಕ್ಷೆ, ಫೋಟೋಗಳನ್ನು ಅಂಟಿಸಿದರೆ ಅದು ಆಲ್ಬಮ್ ಆಗುತ್ತದೆಯೇ ಹೊರತು ಮನೆ ಆಗುವುದಿಲ್ಲ ಎಂದಿದ್ದೀರಿ. ನನಗೂ ಹಾಗೇ ಆಗಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಯ ತೊಟ್ಟಿ (ನಡುವಿನ ತೆರೆದ ಅಂಗಳ) ಮನೆಯನ್ನು ಪುಸ್ತಕಕ್ಕೆ ತರಲು ಹೊರಟು ಎರಡು ಪ್ರತಿ ಹಾಳು ಮಾಡಿದ ಮೇಲೆ ದಾರಿ ಸಿಕ್ಕಿತು.

ಆ ಮನೆಯಲ್ಲಿ ನನ್ನ ಮೈ ನೆನಪಿಟ್ಟುಕೊಂಡದ್ದು ಎರಡೇ ಸಂಗತಿ: ಬಾಗಿಲಲ್ಲಿ ತಲೆ ತಗ್ಗಿಸುವುದು, ತಲೆ ಎತ್ತಿದ ಕೂಡಲೇ ತೊಟ್ಟಿಯ ಬೆಳಕು ಕಣ್ಣಿಗೆ ಬೀಳುವುದು. ಇವೆರಡನ್ನು ಇಟ್ಟುಕೊಂಡು ಅಡುಗೆಮನೆ, ಅಟ್ಟ, ಕೋಣೆ ಎಲ್ಲವನ್ನೂ ಬಿಟ್ಟೆ. ಏನನ್ನು ಬಿಡಬೇಕೆಂದು ತೀರ್ಮಾನಿಸುವುದೇ ಈ ಕೆಲಸದ ಕಷ್ಟದ ಭಾಗ.

ಪುಸ್ತಕದ ರೂಪ ನಮ್ಮಲ್ಲೇ ಇತ್ತು. ಇಂದು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಹಳೆಯ ಕಡತವೆಂದರೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಉದ್ದನೆಯ ಬಟ್ಟೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಕಪ್ಪು ಮೈಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳಿವೆ. ಮಡಚಿದಾಗ ಪುಸ್ತಕ, ಬಿಡಿಸಿ ನಿಲ್ಲಿಸಿದರೆ ಗೋಡೆ! ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಳತೆ 1:25, ಅಂದರೆ ಮನೆಯ 25 ಸೆಂ.ಮೀ.ಗೆ ಪುಸ್ತಕದಲ್ಲಿ 1 ಸೆಂ.ಮೀ. ಹತ್ತು ಅಡಿಯ ತೊಟ್ಟಿ ಸುಮಾರು 12 ಸೆಂ.ಮೀ. ಆಯಿತು, ಐದು ಅಡಿಯ ಬಾಗಿಲು 6 ಸೆಂ.ಮೀ. ನಾಲ್ಕು ಗೋಡೆಗೆ 48 ಸೆಂ.ಮೀ. ಉದ್ದದ ಒಂದೇ ಪಟ್ಟಿ. ಹೊರಮೈಯಲ್ಲಿ ಜಗಲಿ, ಒಳಮೈಯಲ್ಲಿ ತೊಟ್ಟಿಯ ಕಂಬಗಳು. ಎರಡು ತುದಿಗಳನ್ನು ದಾರದಲ್ಲಿ ಕಟ್ಟಿದರೆ ಚೌಕ ನಿಲ್ಲುತ್ತದೆ. ನಡುವೆ ಕಾಗದವೇ ಇಲ್ಲ, ಅದೇ ತೊಟ್ಟಿ. ಮೇಲಂಚಿನಲ್ಲಿ 3 ಸೆಂ.ಮೀ. ಹೆಚ್ಚುವರಿ ಬಿಟ್ಟು, ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿ ಒಳಕ್ಕೆ ಬಾಗಿಸಿದೆ; ಮಳೆನೀರನ್ನು ತೊಟ್ಟಿಗೆ ಇಳಿಸುವ ಮಾಡು ಅದು. ಒಳಗಿನ ಕಂಬಗಳನ್ನು ನೋಡಬೇಕೆಂದರೆ ಓದುಗ ಮೇಜಿನ ಮಟ್ಟಕ್ಕೆ ಬಗ್ಗಿ, ಆ ಪುಟ್ಟ ಬಾಗಿಲಲ್ಲಿ ಕಣ್ಣಿಡಬೇಕು. ಅಜ್ಜಿಯ ಮನೆಯಲ್ಲಿ ಎಲ್ಲರೂ ಬಗ್ಗಿದಂತೆ ಇಲ್ಲೂ ಬಗ್ಗುತ್ತಾರೆ. ಬೆಳಿಗ್ಗೆ ಮೂಡಣ ಕಿಟಕಿಯ ಬಳಿ ಇಟ್ಟರೆ ಪಡುವಣ ಗೋಡೆಗೆ ಬಿಸಿಲು ಬೀಳುತ್ತದೆ, ಹಾಗಾಗಿ ದಿಕ್ಕನ್ನೂ ಗುರುತು ಮಾಡಿ.

ಇನ್ನು ಕಾಗದ. ಗಿರಣಿ ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಸಲೀಸಾಗಿ ಬಾಗುವ ಕಡೆಗೇ ಮಡಿಕೆ ಬರಬೇಕು. ಈ ಪುಸ್ತಕದ ನಡುವಿನ ಮಡಿಕೆ ಮುಚ್ಚುವಾಗ ಒಂದು ಕಡೆಗೂ ನಿಲ್ಲಿಸುವಾಗ ಇನ್ನೊಂದು ಕಡೆಗೂ ಬಾಗುತ್ತದೆ. ನನ್ನ ಮೊದಲ ಪ್ರತಿ ಅಡ್ಡ ನಾರಿನದು, ಎರಡನೆಯ ಮೂಲೆಯಲ್ಲೇ ಸೀಳಿತು. ಹತ್ತಿ ಚಿಂದಿಯ ಕೈಕಾಗದಕ್ಕೆ ಈ ತೊಂದರೆ ತೀರಾ ಕಡಿಮೆ. ಎರಡನೆಯ ಪ್ರತಿಯ ರಟ್ಟು ಮಳೆಗಾಲದಲ್ಲಿ ಹಪ್ಪಳದಂತೆ ಸೊಟ್ಟಗಾಯಿತು, ಒಂದೇ ಮೈಗೆ ಬಟ್ಟೆ ಅಂಟಿಸಿದ್ದೆ. ಎರಡೂ ಮೈಗೆ ಅಂಟಿಸಿ, ಭಾರವಿಟ್ಟು ಪೂರ್ತಿ ಒಣಗಿಸಿ. ಮೈದಾ ಅಂಟು ಸಾಕು. ಹುಳು ಹಿಡಿಯದಂತೆ ಬೈಂಡಿಂಗ್ ಮಾಡುವವರು ಅದಕ್ಕೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಸೇರಿಸುತ್ತಾರೆ. ಅದು ವಿಷ, ಅಡುಗೆ ಪಾತ್ರೆಯಲ್ಲಿ ಕಲಸಬೇಡಿ.

ನಿಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರ್ ಇದ್ದರೆ ಮೊದಲ ಮಾದರಿಯನ್ನು ಅದರ ಹಾಳೆಯಲ್ಲೇ ಮಡಚಿ, ಏನೂ ಬರೆಯದೆ, ಮೇಜಿನ ಮೇಲೆ ನಿಲ್ಲಿಸಿ ನೋಡಿ.