ಓದುಗರ ಪ್ರಶ್ನೆ: ಕುಡಿತ, ಮೊಬೈಲ್ ಜೂಜು ಮತ್ತು ಅಡವಿಟ್ಟ ಬಳೆ

ಪ್ರಶ್ನೆ: ನನ್ನ ಗಂಡ ಮಲ್ಪೆಯಲ್ಲಿ ಬೋಟಿನ ಕೆಲಸಕ್ಕೆ ಹೋಗುತ್ತಾರೆ. ಹಲವು ವರ್ಷಗಳಿಂದ ದಿನವೂ ಕುಡಿಯುತ್ತಾರೆ. ಈ ಸಲದ ಮೀನುಗಾರಿಕೆ ರಜೆಯಲ್ಲಿ ಮೊಬೈಲಿನಲ್ಲಿ ಹಣ ಕಟ್ಟಿ ಆಡಲು ತೊಡಗಿ, ತವರಿನವರು ನನಗೆ ಕೊಟ್ಟ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದಾರೆ. ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿದರೆ ಕುಡಿತ ಬಿಡಿಸುವ ಪುಡಿ ಇದೆ ಎನ್ನುತ್ತಾರೆ. ಕೊಡಬಹುದೇ? ಜೂಜಿನ ಬಗ್ಗೆ ದೂರು ಕೊಟ್ಟರೆ ಅವರೇ ಜೈಲಿಗೆ ಹೋಗುತ್ತಾರೆಯೇ?
– ಓದುಗರೊಬ್ಬರು, ಉಡುಪಿ ತಾಲೂಕು

ಉತ್ತರ: ಆ ಪುಡಿಯನ್ನು ದಯವಿಟ್ಟು ಕೊಡಬೇಡಿ. ಅದರಲ್ಲಿ ಏನಿದೆಯೆಂಬುದು ಮಾರುವವರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಂ ಎಂಬ ಔಷಧವನ್ನು ಹೀಗೆ ಗುಟ್ಟಾಗಿ ಬೆರೆಸುವುದೂ ಉಂಟು. ಅದು ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದಾದ್ದರಿಂದ, ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದ ಮೇಲೆಯೇ ಬರೆಯುತ್ತಾರೆ.

ದೈವದ ಮುಂದೆ ಆಣೆ ಹಾಕಿಸಿ ಒಂದೇ ದಿನದಲ್ಲಿ ಕುಡಿತ ನಿಲ್ಲಿಸುವುದೂ ಅಪಾಯಕರವೇ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ಬಿಟ್ಟಾಗ ಮೊದಲ ದಿನ ಕೈನಡುಕ, ಬೆವರು ಕಾಣಿಸಿಕೊಂಡು, ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಂಡಂತಾಗಿ ಬಡಬಡಿಸುವ ಸ್ಥಿತಿಯೂ ಬರಬಹುದು. ಇದನ್ನು ಭೂತದ ಉಪದ್ರವೆಂದು ತಿಳಿದು ಆಸ್ಪತ್ರೆಗೆ ತಡಮಾಡಿದರೆ ಜೀವವೇ ಹೋದೀತು. ಮೊದಲು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ, ಜೂಜಿನ ವಿಷಯವನ್ನೂ ಮುಚ್ಚಿಡದೆ ಹೇಳಿ. ಕುಡಿದ ಅಮಲಿನಲ್ಲಿ ಆಡುವವರು, ಸೋತ ನೋವಿಗೆ ಕುಡಿಯುವವರು ಒಂದನ್ನು ಮಾತ್ರ ಬಿಟ್ಟು ನಿಲ್ಲುವುದು ಬಹಳ ಕಷ್ಟ. ಅವರು ಬರಲೊಪ್ಪದಿದ್ದರೆ ನೀವೊಬ್ಬರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಮಾತನಾಡಬಹುದು.

ಜೈಲಿನ ಭಯ ಬೇಡ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಹಣ ಕಟ್ಟಿಸಿಕೊಂಡು ಆಡಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆಯೇ ಹೊರತು ಆಡಿ ಸೋತವರನ್ನು ಶಿಕ್ಷಿಸುವುದಿಲ್ಲ. ಇದು ನ್ಯಾಯವಾದ ನಿಲುವೆಂದೇ ನನ್ನ ಭಾವನೆ. ಆದರೆ ಮಟ್ಕಾ, ಕೋಳಿ ಅಂಕದ ಪಂಥಗಳಿಗೆ ಈ ವಿನಾಯಿತಿ ಇಲ್ಲ. ಅವುಗಳಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಅನ್ವಯಿಸುತ್ತದೆ.

ಬಳೆಗಳು ನಿಮ್ಮ ಸ್ತ್ರೀಧನ. ಅದನ್ನು ನಿಮ್ಮಿಂದ ಕಸಿದುಕೊಳ್ಳುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಆರ್ಥಿಕ ದೌರ್ಜನ್ಯವಾಗಿದ್ದು, ಮರಳಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅರ್ಜಿಗೆ ನಿಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ನೆರವಾಗುತ್ತಾರೆ. ಅಡವಿನ ರಸೀದಿಯನ್ನು ಜೋಪಾನವಾಗಿಡಿ. ಒಂದು ಮಾತು ಕೇಳಿ: ಅವರ ಜೂಜಿನ ಸಾಲ ತೀರಿಸಲೆಂದು ಸ್ವಸಹಾಯ ಸಂಘದಲ್ಲಿ ನಿಮ್ಮ ಹೆಸರಿನಲ್ಲಿ ಸಾಲ ಎತ್ತಬೇಡಿ. ನೀವು ಸಹಿ ಹಾಕದ ಸಾಲಕ್ಕೆ ನೀವು ಹೊಣೆಯಲ್ಲ, ಹಾಕಿದ ಸಾಲದಿಂದ ಮಾತ್ರ ತಪ್ಪಿಸಿಕೊಳ್ಳಲಾಗದು.

ಪ್ರಶ್ನೆ: ನಮ್ಮ ಬಡಾವಣೆಯ ಶಾಲೆಯ ಹತ್ತಿರ ವೈನ್ ಶಾಪ್ ಬರಲಿದೆಯಂತೆ. ತಡೆಯಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: 1967ರ ಅಬಕಾರಿ ಸನ್ನದು ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ಪೂಜಾ ಸ್ಥಳಗಳಿಂದ 100 ಮೀಟರ್ ಒಳಗೆ ಸಾಮಾನ್ಯವಾಗಿ ಮದ್ಯದಂಗಡಿಗೆ ಸನ್ನದು ಕೊಡುವಂತಿಲ್ಲ. ದೂರವನ್ನು ಅಳೆದು, ನಕ್ಷೆ ಮತ್ತು ಪೋಷಕರ ಸಹಿಗಳೊಂದಿಗೆ ಜಿಲ್ಲಾಧಿಕಾರಿಗಳಿಗೂ ಅಬಕಾರಿ ಉಪ ಆಯುಕ್ತರಿಗೂ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂಗಡಿ ತೆರೆದ ಮೇಲೆ ಮುಚ್ಚಿಸುವುದಕ್ಕಿಂತ ಸನ್ನದು ಸಿಗುವ ಮೊದಲೇ ತಡೆಯುವುದು ಸುಲಭವಾದ್ದರಿಂದ ಈ ವಾರವೇ ಹೊರಡಿ.