ಹಸಿರಾದ ನೀರನ್ನು ಚೆಲ್ಲಬೇಡಿ ಮೇಡಂ

ಮೇಡಂ, ನೀವು ಹಾಕಿದ ಟಬ್ಬಿನ ಫೋಟೊ ದೊಡ್ಡದು ಮಾಡಿಕೊಂಡು ನೋಡಿದೆ. ಬೆಂಗಳೂರಿನ ಬಾಡಿಗೆ ಮನೆ ಟೆರೇಸು, 40 ಲೀಟರ್ ಟಬ್ಬು, ನರ್ಸರಿಯಿಂದ ತಂದ ನೈದಿಲೆ. ಹತ್ತೇ ದಿನಕ್ಕೆ ನೀರು ಹಸಿರಾಯ್ತು, ಮೂರು ಸಲ ಪೂರ್ತಿ ಚೆಲ್ಲಿ ಹೊಸ ನೀರು ತುಂಬಿದಿರಿ, ಮತ್ತೆ ಹಸಿರು. ಈಗ ಎಲೆ ಹಳದಿ, ನೀರಲ್ಲಿ ಸೊಳ್ಳೆ ಮರಿ. ಇಷ್ಟಾದರೂ ತಾವರೆ ಹಾಕೋ ಆಸೆ ಬಿಟ್ಟಿಲ್ಲ ನೋಡಿ, ಅದು ಖುಷಿ.

ಮೊದಲು ಆ ನೀರು ಚೆಲ್ಲೋದು ನಿಲ್ಲಿಸಿ. ಹಸಿರು ಅಂದರೆ ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿ. ಅದಕ್ಕೆ ಬಿಸಿಲು ಬೇಕು, ನೀರಲ್ಲಿ ಕರಗಿದ ಗೊಬ್ಬರ ಬೇಕು. ನೀವು ಚೆಲ್ಲಿ ತುಂಬಿದಾಗೆಲ್ಲ ಕುಂಡದ ಮಣ್ಣು ಕದಡಿ ಗೊಬ್ಬರ ಮತ್ತೆ ನೀರಿಗೆ ಬಿಡುತ್ತೆ, ಪಾಚಿಗೆ ಹಬ್ಬ. ಹೊಸ ಟಬ್ಬು ಯಾರದ್ದೇ ಆಗಲಿ, ಮೊದಲ ಎರಡು ಮೂರು ವಾರ ಹಸಿರಾಗೋದು ಮಾಮೂಲು. ಎಲೆಗಳು ಹರಡಿ ನೀರಿನ ಮೇಲ್ಮೈ ಅರ್ಧಕ್ಕಿಂತ ಹೆಚ್ಚು ಮುಚ್ಚಿಕೊಂಡರೆ ಪಾಚಿಗೆ ಬೆಳಕು ಸಿಗದೆ ನೀರು ತಾನಾಗಿ ತಿಳಿಯಾಗುತ್ತೆ. ಅಲ್ಲಿವರೆಗೆ ಅಕ್ವೇರಿಯಂ ಅಂಗಡಿಯಿಂದ ನೀರೊಳಗೇ ಬೆಳೆಯೋ ಹೈಡ್ರಿಲ್ಲಾ ಗಿಡ ಒಂದು ಹಿಡಿ ತಂದು ಬಿಡಿ. ಪಾಚಿ ತಿನ್ನೋ ಗೊಬ್ಬರವನ್ನೇ ಅದೂ ತಿನ್ನುತ್ತೆ. ಆವಿಯಾದಷ್ಟು ನೀರು ಮಾತ್ರ ಮೇಲಿಂದ ಸೇರಿಸಿ, ಸಾಕು.

ನಿಜವಾದ ತಪ್ಪು ಇರೋದು ಕುಂಡದೊಳಗೆ. ಫೋಟೊದಲ್ಲಿ ಕಂದು ನಾರು ತೇಲ್ತಾ ಇದೆಯಲ್ಲ, ಅದು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಗುಲಾಬಿಗೆ ಹಾಕೋ ಕೋಕೋಪೀಟ್, ಎರೆಗೊಬ್ಬರದ ಮಿಶ್ರಣದಲ್ಲೇ ನೈದಿಲೆ ನೆಟ್ಟು ಕೊಟ್ಟಿದ್ದಾರೆ. ನೀರಿಗೆ ಬಿದ್ದರೆ ಕೋಕೋಪೀಟ್ ತೇಲುತ್ತೆ, ಎರೆಗೊಬ್ಬರ ಕರಗುತ್ತೆ, ಬೇರಿಗೆ ಹಿಡಿತವೇ ಇರಲ್ಲ. ಗಿಡ ಎತ್ತಿ, ಬೇರು ತೊಳೆದು, ಜಿಗುಟು ಮಣ್ಣಲ್ಲಿ ಮತ್ತೆ ನೆಡಿ. ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಸಿಕ್ಕರೆ ಅದರಷ್ಟು ಒಳ್ಳೇದು ಬೇರೆ ಇಲ್ಲ. ಸಿಟಿಯಲ್ಲಿ ಎಲ್ಲಿಂದ ತರೋದು ಅಂತೀರಾ? ಮಡಕೆ ಮಾಡುವವರನ್ನೋ ಮಣ್ಣಿನ ಗಣಪತಿ ಮಾಡುವವರನ್ನೋ ಕೇಳಿ. ಅವರ ಜೇಡಿಮಣ್ಣಿಗೆ ಅಷ್ಟೇ ಪ್ರಮಾಣ ಕೆಂಪು ಮಣ್ಣು ಬೆರೆಸಿ. ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದಾಗ ಚಕ್ಕುಲಿ ಎಳೆಯಷ್ಟು ಸಪೂರಕ್ಕೆ ಬಂದು ತುಂಡಾಗದಿದ್ದರೆ ಮಣ್ಣು ಸರಿಯಾಗಿದೆ ಅಂತ ಅರ್ಥ.

ಹತ್ತು ಇಂಚು ಅಗಲದ, ತೂತಿಲ್ಲದ ಬೇಸಿನ್ ಸಾಕು. ಗೊಬ್ಬರ ಹಾಕಲೇಬೇಕು ಅಂದರೆ ತಳದಲ್ಲಿ ಒಂದು ಹಿಡಿ, ವರ್ಷ ಹಳೆಯ ಒಣ ಸಗಣಿ ಗೊಬ್ಬರ, ಅದರ ಮೇಲೆ ಮಣ್ಣು. ಗಿಡದ ಸುಳಿ ಮಣ್ಣಿನ ಮಟ್ಟಕ್ಕಿಂತ ಮೇಲೇ ಇರಲಿ, ಹೂತರೆ ಕೊಳೆಯುತ್ತೆ. ಆಮೇಲೆ ಸುಳಿ ಬಿಟ್ಟು ಸುತ್ತ ಒಂದು ಇಂಚು ತೊಳೆದ ದಪ್ಪ ಮರಳೋ ಸಣ್ಣ ಜಲ್ಲಿಯೋ ಹರಡಿ. ಬೇಸಿನ್ನನ್ನು ಇಟ್ಟಿಗೆ ಮೇಲಿಟ್ಟು ಸುಳಿ ಮೇಲೆ ನಾಲ್ಕೈದು ಇಂಚು ನೀರು ನಿಲ್ಲೋ ಹಾಗೆ ಮಾಡಿ, ಎಲೆ ಮೇಲೆ ಬಂದ ಹಾಗೆ ಇಟ್ಟಿಗೆ ತೆಗೀತಾ ಹೋಗಿ. ನೀರು ಸುರಿಯುವಾಗ ಮಣ್ಣಿನ ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ ಸುರಿಯಿರಿ.

ಹಳದಿ ಎಲೆಗೆ ಅಷ್ಟು ಗಾಬರಿ ಬೇಡ. ನೈದಿಲೆ ಎಲೆಗೆ ಕೆಲವೇ ವಾರದ ಆಯಸ್ಸು. ಹಳೆಯದು ಹಳದಿಯಾದರೆ ಬುಡದಲ್ಲಿ ಕತ್ತರಿಸಿ ಹೊರಗೆ ಹಾಕಿ, ನೀರಲ್ಲೇ ಕೊಳೆಯೋಕೆ ಬಿಡಬೇಡಿ. ಹೊಸ ಎಲೆಯೇ ಬಿಳಿಚಿಕೊಂಡು ಬಂದರೆ ಮಾತ್ರ ಗಿಡಕ್ಕೆ ಹಸಿವಾಗಿದೆ.

ಸೊಳ್ಳೆಗೆ ಐದಾರು ಗಪ್ಪಿ ಮೀನು ಬಿಡಿ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರೋಕೆ ಏಳರಿಂದ ಹತ್ತು ದಿನ ಸಾಕು, ಡೆಂಗಿ ಹರಡೋ ಸೊಳ್ಳೆಗೆ ನಮ್ಮ ಟಬ್ಬಿನಂಥ ನಿಂತ ನೀರೇ ಇಷ್ಟ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲಿ ಅಂತ ಬಾಯಿ ತೆರೆದ ಬಕೆಟಲ್ಲಿ ಒಂದು ದಿನ ಇಟ್ಟು ಆಮೇಲೆ ಸೇರಿಸಿ. ಮೀನಿಗೆ ಫುಡ್ಡು ಹಾಕಬೇಡಿ. ನಾನು ಮೊದಲ ವರ್ಷ ದಿನಾ ಬೆಳಿಗ್ಗೆ ಪ್ರೀತಿಯಿಂದ ಹಾಕ್ತಿದ್ದೆ. ಅವು ಹೊಟ್ಟೆ ತುಂಬಿ ಸೊಳ್ಳೆ ಮರಿ ಕಡೆ ತಿರುಗಿಯೂ ನೋಡಲಿಲ್ಲ, ಉಳಿದ ಫುಡ್ಡು ಪಾಚಿಗಾಯ್ತು. ಮೀನು ಬಿಟ್ಟ ಮೇಲೆ ಬೇವಿನೆಣ್ಣೆ, ಸೋಪಿನ ನೀರು ಯಾವುದೂ ಆ ಕಡೆ ಸುಳಿಯಬಾರದು. ಎಲೆಗೆ ಹೇನು ಹತ್ತಿದರೆ ಪೈಪಿನಿಂದ ಜೋರಾಗಿ ನೀರು ಬಿಡಿ, ಕೆಳಗೆ ಬಿದ್ದದ್ದನ್ನು ಗಪ್ಪಿಗಳೇ ತಿಂತಾವೆ.

ಅಂದ ಅಂತ ತಾಮ್ರದ ಹಂಡೆಯಲ್ಲಿ ಮೀನು ಬಿಡೋಕೆ ಹೋಗಬೇಡಿ. ನಮ್ಮಜ್ಜಿಯ ಸ್ನಾನದ ಹಂಡೆ ಅಟ್ಟದಲ್ಲಿತ್ತು, ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ ನೀರು ತುಂಬಿದೆ. ಮೊದಲು ಬಸವನಹುಳು ಸತ್ತವು, ಎರಡನೇ ದಿನಕ್ಕೆ ಗಪ್ಪಿ. ತಾಮ್ರ ನೀರಿಗೆ ಬಿಡುತ್ತೆ, ಅವಕ್ಕೆ ವಿಷ. ಹಂಡೆಯಲ್ಲಿ ಹಬ್ಬದ ದಿನ ಹೂ ತೇಲಿಬಿಡಿ, ಅಷ್ಟೇ. ಊರಲ್ಲಿ ದನಕ್ಕೆ ಕಲಗಚ್ಚು ಹಾಕೋ ಕಲ್ಲುಬಾನಿ ಖಾಲಿ ಬಿದ್ದಿದ್ದರೆ ಚಿನ್ನ ಅಂದ್ಕೊಳ್ಳಿ. ಸಿಮೆಂಟ್ ತೊಟ್ಟಿಯಾದರೆ ಎರಡು ವಾರ ನೀರು ತುಂಬಿ ಚೆಲ್ಲಿ ಸುಣ್ಣದ ಅಂಶ ಕಳೆಯಬೇಕು. ಚೆಲ್ಲೋ ಆಸೆ ಅಲ್ಲಿ ತೀರಿಸಿಕೊಳ್ಳಿ!

ಇನ್ನು ತಾವರೆ. ನರ್ಸರಿಗಳಲ್ಲಿ ಕಮಲ ಅಂತ ನೈದಿಲೆಯನ್ನೇ ಕೊಡೋದುಂಟು. ಎಲೆ ನೋಡಿ: ಸೀಳು ಇದ್ದು ನೀರ ಮೇಲೆ ಮಲಗಿದ್ದರೆ ನೈದಿಲೆ. ಸೀಳಿಲ್ಲದ ದುಂಡು ಎಲೆ, ನಡುವೆ ದಂಟು, ನೀರು ಹಾಕಿದರೆ ಮುತ್ತಿನ ಹಾಗೆ ಉರುಳಿದರೆ ತಾವರೆ. ಆನ್‌ಲೈನಲ್ಲಿ ನೀಲಿ ತಾವರೆ ಬೀಜ ಅಂತ ಬಂದರೆ ದುಡ್ಡು ಕಳೆಯಬೇಡಿ. ತಾವರೆಯಲ್ಲಿ ನೀಲಿ ಬಣ್ಣವೇ ಇಲ್ಲ, ನೀಲಿ ಇರೋದು ನೈದಿಲೆಯಲ್ಲಿ.

ಬೀಜದಿಂದ ಮಾಡೋದಾದರೆ ಕುಳಿ ಇರೋ ತುದಿಯನ್ನು ಸ್ಯಾಂಡ್‌ಪೇಪರಿಗೆ ಉಜ್ಜಿ, ಒಳಗಿನ ಕೆನೆ ಬಣ್ಣ ಕಂಡ ತಕ್ಷಣ ನಿಲ್ಲಿಸಿ, ಉಗುರುಬೆಚ್ಚಗಿನ ನೀರಲ್ಲಿ ಹಾಕಿ. ಇಲ್ಲಿ ಮಾತ್ರ ನೀರು ದಿನಾ ಬದಲಾಯಿಸಿ. ಉಜ್ಜದಿದ್ದರೆ ನೀರು ಒಳಗೆ ಇಳಿಯೋದೇ ಇಲ್ಲ. ಚೀನಾದ ಒಣಗಿದ ಕೆರೆಯೊಂದರ ತಳದಲ್ಲಿ ಸಿಕ್ಕ ಸುಮಾರು 1,300 ವರ್ಷ ಹಳೆಯ ತಾವರೆ ಬೀಜ ಮೊಳೆತಿದೆ ಅಂದರೆ ಸಿಪ್ಪೆ ಎಷ್ಟು ಗಟ್ಟಿ ಲೆಕ್ಕ ಹಾಕಿ. ಆದರೆ ಬೀಜದ ಗಿಡ ಹೂ ಬಿಡೋಕೆ ಕಾಯಿಸುತ್ತೆ, ಬಣ್ಣವೂ ತಾಯಿಗಿಡದ್ದೇ ಬರುತ್ತೆ ಅನ್ನೋ ಹಾಗಿಲ್ಲ. ಶಿವರಾತ್ರಿಯಿಂದ ಯುಗಾದಿ ಒಳಗೆ ಗೆಡ್ಡೆ ನೆಡೋದೇ ನನ್ನ ಮಟ್ಟಿಗೆ ಸರಿ. ಅದರ ಮೊಳಕೆ ತುದಿ ಮುರಿದರೆ ಕಥೆ ಮುಗೀತು, ಹುಷಾರು.

ತಾವರೆಗೆ ದುಂಡನೆ ಟಬ್ಬೇ ಆಗಬೇಕು, ಚೌಕದ್ದಾದರೆ ಬಳ್ಳಿಗೆಡ್ಡೆ ಮೂಲೆಗೆ ಸಿಕ್ಕಿಕೊಳ್ಳುತ್ತೆ. ಎರಡಡಿ ಅಗಲ, ಆರು ಇಂಚು ಮಣ್ಣು, ದಿನಕ್ಕೆ ಆರು ಗಂಟೆ ನೇರ ಬಿಸಿಲು. ಮೊದಲು ಬರೋ ತೇಲೆಲೆಗಳ ಕಾಲದಲ್ಲಿ ಗೊಬ್ಬರ ಬೇಡ. ನೀರಿಂದ ಎದ್ದು ನಿಲ್ಲೋ ಎಲೆ ಮೂರು ನಾಲ್ಕು ಬಂದ ಮೇಲೆ ಎಂಟು ಹತ್ತು ಕಾಳು ಡಿಎಪಿ ರಾಸಾಯನಿಕ ಗೊಬ್ಬರವನ್ನು ಪೇಪರಲ್ಲಿ ಸುತ್ತಿ, ಗೆಡ್ಡೆಗೆ ತಾಗದ ಹಾಗೆ ಟಬ್ಬಿನ ಅಂಚಲ್ಲಿ ಆಳಕ್ಕೆ ಒತ್ತಿ. ಚಳಿಗಾಲಕ್ಕೆ ಎಲೆ ಒಣಗಿದರೆ ಸತ್ತಿತು ಅಂತ ಕಿತ್ತು ಎಸೆಯಬೇಡಿ, ಗೆಡ್ಡೆ ಕೆಸರಲ್ಲಿ ಮಲಗಿರುತ್ತೆ.

ಬಾಡಿಗೆ ಮನೆ ಅಂದಿರಲ್ಲ, ಓನರ್‌ಗೆ ಮೊದಲೇ ಹೇಳಿ. ಲೀಟರ್ ನೀರಿಗೆ ಒಂದು ಕೆಜಿ. 100 ಲೀಟರ್ ಟಬ್ಬಿಗೆ ಮಣ್ಣು ನೀರು ತುಂಬಿದರೆ 100 ಕೆಜಿ ದಾಟುತ್ತೆ. ಸ್ಲ್ಯಾಬಿನ ನಡುವೆ ಬೇಡ, ಕೆಳಗೆ ಗೋಡೆಯೋ ಬೀಮೋ ಇರೋ ಜಾಗ ನೋಡಿ ಇಡಿ. ಪುಟ್ಟ ಮಕ್ಕಳಿದ್ದರೆ ಮೇಲೆ ಗಟ್ಟಿ ಜಾಲರಿ ಕಟ್ಟಿ, ಟೆರೇಸ್ ಬಾಗಿಲಿಗೆ ಚಿಲಕ ಹಾಕಿ.

ಹೆಚ್ಚಾದ ಗಿಡ, ಗಪ್ಪಿ ಎರಡನ್ನೂ ಕೆರೆಗೋ ರಾಜಕಾಲುವೆಗೋ ಬಿಡಬೇಡಿ. ನೀರ ಮೇಲೆ ತೇಲಿ ಬೇಗ ಹರಡೋ ಅಂತರಗಂಗೆಯನ್ನು ನರ್ಸರಿಯವರು ಪುಕ್ಕಟೆ ಕೊಟ್ಟಾರು, ಬೇಡ ಅನ್ನಿ. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ತೇಲುವ ಕಳೆ ಹರಡಿದ್ದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಗಿಡವನ್ನು ಬಿಸಿಲಲ್ಲಿ ಒಣಗಿಸಿ ಕುಂಡಗಳಿಗೆ ಹಾಸಿ.

ಮಣ್ಣು ಬದಲಾಯಿಸಿ ಹದಿನೈದು ದಿನ ಬಿಟ್ಟು ಇನ್ನೊಂದು ಫೋಟೊ ಹಾಕಿ. ಮೇಲಿಂದ ಬೇಡ, ಓರೆಯಾಗಿ ತೆಗೀರಿ, ಸುಳಿ ಕಾಣಬೇಕು.