ಒಂದು ಕಾರ್ಟಿಸಾಲ್ ವರದಿ, ಅರ್ಧಕ್ಕೆ ನಿಂತ ಮಾತ್ರೆ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ನಲವತ್ತರ ಆಸುಪಾಸಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರು ತಮ್ಮನೊಂದಿಗೆ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದು, ಕುಳಿತ ಕೂಡಲೇ ಬ್ಯಾಗಿನಿಂದ ಎರಡು ವಸ್ತುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು, ಖಿನ್ನತೆಗೆಂದು ಮನೋವೈದ್ಯರು ಬರೆದುಕೊಟ್ಟಿದ್ದ, ಒಂಬತ್ತು ಮಾತ್ರೆ ಖಾಲಿಯಾಗಿದ್ದ ಎಸಿಟಲೋಪ್ರಾಮ್ ಸ್ಟ್ರಿಪ್. ಇನ್ನೊಂದು, ಮೇಲ್ಮಿತಿಯನ್ನು ತುಸು ದಾಟಿದ್ದ ಕಾರ್ಟಿಸಾಲ್ ಅಂಕಿಗೆ ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯಲ್ಲೇ ಅಡಿಗೆರೆ ಎಳೆದಿದ್ದ ಲ್ಯಾಬ್ ವರದಿ.

"ಈ ಮಾತ್ರೆಯೇ ನನ್ನ ಸ್ಟ್ರೆಸ್ ಹಾರ್ಮೋನ್ ಏರಿಸಿದೆ ಮೇಡಂ, ಅದಕ್ಕೇ ಬಿಟ್ಟೆ" ಎಂದರು. ಬಿಟ್ಟು ನಾಲ್ಕು ದಿನಗಳಾಗಿದ್ದವು. ಹಾಲಿನ ಗಾಡಿ ಬರುವುದಕ್ಕೂ ಮೊದಲೇ, ನಾಲ್ಕು ಗಂಟೆಗೆ, ಎದೆ ಡವಗುಟ್ಟಿ ಎಚ್ಚರವಾಗುವುದು ಆರು ತಿಂಗಳಿಂದಲೂ ನಿಂತಿರಲಿಲ್ಲ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೊದಲು ನೇರವಾಗಿಯೇ ಕೇಳಿದೆ, ಇಲ್ಲವೆಂದರು. ಅವರ ಅನುಮಾನವನ್ನು ನಕ್ಕು ತಳ್ಳಿಹಾಕುವುದು ಸುಲಭವಿತ್ತು, ಆದರೆ ಅದರಲ್ಲಿ ಅರ್ಧ ನಿಜವಿತ್ತು. ಒತ್ತಡ ಎದುರಾದಾಗ ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಪಿಟ್ಯೂಟರಿ ಗ್ರಂಥಿಗೆ, ಪಿಟ್ಯೂಟರಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ಸಂದೇಶ ಕಳಿಸಿ ಕಾರ್ಟಿಸಾಲ್ ಸ್ರವಿಸುವಂತೆ ಮಾಡುತ್ತವೆ. ಹಾಗೆ ಏರಿದ ಕಾರ್ಟಿಸಾಲ್ ಮೆದುಳಿನ ಗ್ರಾಹಕಗಳಿಗೆ, ಅಂದರೆ ಹಾರ್ಮೋನಿನ ಸಂದೇಶವನ್ನು ಹಿಡಿಯುವ ಕೊಂಡಿಗಳಿಗೆ, ತಾಗಿ "ಇನ್ನು ಸಾಕು" ಎಂದು ಅದೇ ಸರಪಳಿಯನ್ನು ತಡೆಯುತ್ತದೆ. ತೀವ್ರ ಖಿನ್ನತೆಯಿರುವ ಹಲವರಲ್ಲಿ, ಎಲ್ಲರಲ್ಲೂ ಅಲ್ಲ, ಈ ತಡೆ ಸಡಿಲಗೊಂಡಿರುತ್ತದೆ. "ನಮ್ಮ ಟ್ಯಾಂಕಿನ ಸೆನ್ಸರ್ ಕೆಟ್ಟು ಮೋಟಾರು ನಿಲ್ಲದ ಹಾಗೆ" ಎಂದು ಅವರೇ ಹೇಳಿದರು. ನಾನು ಯೋಚಿಸಿಟ್ಟಿದ್ದ ಹೋಲಿಕೆಗಿಂತ ಅದು ಚೆನ್ನಾಗಿತ್ತು.

ಎಸಿಟಲೋಪ್ರಾಮ್‌ನಂಥ ಮಾತ್ರೆಗಳಿಂದ ಸಿರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಹೆಚ್ಚಿದಾಗ ಮೊದಮೊದಲು ಈ ಸರಪಳಿ ತುಸು ಕೆರಳಬಹುದು, ಕಾರ್ಟಿಸಾಲ್ ಸ್ವಲ್ಪ ಕಾಲ ಏರಲೂಬಹುದು. ವಾರಗಟ್ಟಲೆ ತಪ್ಪದೆ ತೆಗೆದುಕೊಂಡಾಗ ಹಲವರಲ್ಲಿ ಗ್ರಾಹಕಗಳು ಮತ್ತೆ ಚುರುಕಾಗಿ ತಡೆ ಬಿಗಿಯಾಗುತ್ತದೆ. ಮಿರ್ಟಾಜಪೀನ್ ಎಂಬ ಇನ್ನೊಂದು ಔಷಧಿ ಕೆಲವೇ ದಿನಗಳಲ್ಲಿ ಕಾರ್ಟಿಸಾಲನ್ನು ಇಳಿಸುತ್ತದೆ, ಆದರೂ ಹಾರ್ಮೋನ್ ಇಳಿದ ಮಾತ್ರಕ್ಕೆ ಮನಸ್ಸು ಹಗುರಾಗಿಯೇ ತೀರುತ್ತದೆಂದು ಹೇಳಲಾಗದು. ಆದ್ದರಿಂದ ಒಂಬತ್ತನೆಯ ದಿನದ ಅಂಕಿಯೊಂದನ್ನು ಹಿಡಿದು ಮಾತ್ರೆಗೆ ಫೇಲು ಕೊಡುವುದು ಸರಿಯಲ್ಲವೆಂದೆ.

ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳಿದಾಗ, ಮುಟ್ಟಿನ ಅತಿಸ್ರಾವಕ್ಕೆಂದು ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನ್ ಇರುವ ಮಾತ್ರೆಯನ್ನು ಎರಡು ತಿಂಗಳಿಂದ ತೆಗೆದುಕೊಳ್ಳುತ್ತಿರುವುದಾಗಿ ಹೇಳಿದರು. ಮನೋವೈದ್ಯರಿಗೆ ಅದನ್ನು ತಿಳಿಸಿರಲಿಲ್ಲ. ರಕ್ತದಲ್ಲಿ ಕಾರ್ಟಿಸಾಲನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ಈಸ್ಟ್ರೊಜೆನ್‌ನಿಂದ ಹೆಚ್ಚುವುದರಿಂದ, ವರದಿಯಲ್ಲಿ ಕಾಣುವ ಒಟ್ಟು ಅಂಕಿಯೂ ಏರುತ್ತದೆ. ಸಾಲದ್ದಕ್ಕೆ ರಕ್ತ ಕೊಟ್ಟದ್ದು ಬೆಳಿಗ್ಗೆ, ಕಾರ್ಟಿಸಾಲ್ ಸಹಜವಾಗಿಯೇ ಹೆಚ್ಚಿರುವ ಹೊತ್ತಿನಲ್ಲಿ, ಅದೂ ಶಾಲೆಗೆ ತಡವಾಗುತ್ತದೆಂದು ಓಡಿಹೋಗಿ. ಕಾರಣ ಇದೇ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ, ನನ್ನದಲ್ಲ.

ನಾನು ಕೊಟ್ಟ ಸಲಹೆ ಇಷ್ಟು: ಅಂದೇ ಮನೋವೈದ್ಯರಿಗೆ ಫೋನು ಮಾಡಿ, ಮಾತ್ರೆ ಬಿಟ್ಟದ್ದನ್ನೂ ಹಾರ್ಮೋನ್ ಮಾತ್ರೆಯ ವಿಷಯವನ್ನೂ ಮುಚ್ಚಿಡದೆ ಹೇಳಬೇಕು, ಎಸಿಟಲೋಪ್ರಾಮನ್ನು ಮತ್ತೆ ಆರಂಭಿಸುವುದಾದರೆ ಅವರು ಹೇಳಿದ ಪ್ರಮಾಣದಲ್ಲೇ ಆಗಬೇಕು, ಮುಂದೆಂದಾದರೂ ನಿಲ್ಲಿಸುವಾಗಲೂ ಹಂತಹಂತವಾಗಿ ಇಳಿಸಬೇಕು, ಏಕೆಂದರೆ ಹೆಚ್ಚು ಕಾಲ ತೆಗೆದುಕೊಂಡು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ರಾಭಂಗ, ಕರೆಂಟ್ ಹೊಡೆದಂಥ ಅನುಭವ ಕಾಡಬಹುದು. "ಕಾರ್ಟಿಸಾಲ್ ಇಳಿಸುವ" ಪುಡಿಯೊಂದನ್ನು ತಮ್ಮ ಆಗಲೇ ತರಿಸಿದ್ದರು. ವೈದ್ಯರಿಗೆ ತೋರಿಸುವವರೆಗೆ ಅದನ್ನು ಬಿಚ್ಚಬಾರದೆಂದೆ. ರಾತ್ರಿ ತೀರಾ ಕಷ್ಟವಾದರೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ವರದಿಯ ಹಿಂಬದಿಯಲ್ಲಿ ಬರೆದುಕೊಂಡರು.

ಏಳು ವಾರಗಳ ನಂತರ ಒಬ್ಬರೇ ಬಂದರು. ಮಾತ್ರೆ ಮುಂದುವರಿದಿತ್ತು, ಹಾಲಿನ ಗಾಡಿಯ ಹಾರ್ನ್ ಕೇಳಿದ ಮೇಲೆ ಏಳುವ ದಿನಗಳು ಹೆಚ್ಚಾಗಿದ್ದವು, ಭಾನುವಾರದ ಸಂಜೆಗಳು ಮಾತ್ರ ಇನ್ನೂ ಭಾರವೆಂದರು. ಇನ್ನೊಮ್ಮೆ ಕಾರ್ಟಿಸಾಲ್ ಪರೀಕ್ಷೆ ಮಾಡಿಸೋಣವೆಂದು ತಮ್ಮ ಈಗಲೂ ಒತ್ತಾಯಿಸುತ್ತಾರಂತೆ. ಅಗತ್ಯವಿಲ್ಲವೆಂದು ಮನೋವೈದ್ಯರು ಹೇಳಿದ್ದಾರೆ.